ಮುಕ್ತ ದತ್ತಾಂಶ ಸಮುದಾಯಗಳು ಮತ್ತು ಮಾಹಿತಿ ವೃತ್ತಿಪರರ ಪಾತ್ರ

ಸಾರ್ವಜನಿಕ ಹಣದಿಂದ ಸಂಗ್ರಹವಾದ ಅಂಕಿ ಅಂಶಗಳು ಯಾರ ಸ್ವತ್ತು? ಜನಗಣತಿ, ಮಳೆಯ ಪ್ರಮಾಣ, ಶಾಲೆಗಳ ಪಟ್ಟಿ, ಮುಂಗಡಪತ್ರ, ಮತಕ್ಷೇತ್ರಗಳ ಗಡಿ ಮುಂತಾದ ಎಲ್ಲವನ್ನೂ ಸರ್ಕಾರವು ತೆರಿಗೆದಾರನ ಹಣದಿಂದಲೇ ಕಲೆಹಾಕುತ್ತದೆ. ಆದರೆ ಬಹುಕಾಲದವರೆಗೆ ಇವು ಕಚೇರಿಯ ಬೀರುಗಳಲ್ಲಿಯೂ, ಅನಂತರ ಕಚೇರಿಯ ಗಣಕಯಂತ್ರಗಳಲ್ಲಿಯೂ ಉಳಿದುಕೊಂಡವು. ಅವುಗಳನ್ನು ಹೊರತಂದು ಎಲ್ಲರ ಬಳಕೆಗೆ ಒದಗಿಸಬೇಕೆಂಬ ಆಶಯದಿಂದ ಹುಟ್ಟಿದ್ದು ಮುಕ್ತ ದತ್ತಾಂಶ ಚಳವಳಿ. ಈ ಚಳವಳಿಯನ್ನು ಮುನ್ನಡೆಸಿದವರಲ್ಲಿ ತಂತ್ರಾಂಶ ತಜ್ಞರು, ಪತ್ರಕರ್ತರು ಹಾಗೂ ಸಾಮಾಜಿಕ ಕಾರ್ಯಕರ್ತರೇ ಹೆಚ್ಚು. ಆದರೆ ದತ್ತಾಂಶವು ಬಾಗಿಲು ದಾಟಿ ಹೊರಬಂದ ಮೇಲೆ ಅದನ್ನು ವರ್ಗೀಕರಿಸುವ, ಕಾಪಾಡುವ, ಅಗತ್ಯವಿದ್ದವನ ಕೈಗೆ ತಲುಪಿಸುವ ಕೆಲಸ ಉಳಿಯುತ್ತದೆ. ಅದು ಗ್ರಂಥಪಾಲಕರ, ದಾಖಲೆಪಾಲಕರ ಮತ್ತು ಮಾಹಿತಿ ವಿಜ್ಞಾನಿಗಳ ಕೆಲಸ. ಈ ಎರಡು ವರ್ಗಗಳ ಸಂಬಂಧವನ್ನು ಪರಿಚಯಿಸುವುದು ಈ ಲೇಖನದ ಉದ್ದೇಶ.

ಮುಕ್ತ ದತ್ತಾಂಶ ಎಂದರೇನು?

ಯಾರು ಬೇಕಾದರೂ, ಯಾವ ಉದ್ದೇಶಕ್ಕಾದರೂ, ಮೂಲವನ್ನು ಸ್ಮರಿಸುವಂತಹ ಸರಳ ಷರತ್ತುಗಳಿಗೆ ಒಳಪಟ್ಟು ಪಡೆಯಬಹುದಾದ, ಬಳಸಬಹುದಾದ, ಮಾರ್ಪಡಿಸಬಹುದಾದ ಹಾಗೂ ಹಂಚಬಹುದಾದ ದತ್ತಾಂಶವೇ ಮುಕ್ತ ದತ್ತಾಂಶ. 2004ರಲ್ಲಿ ಇಂಗ್ಲೆಂಡಿನಲ್ಲಿ ಆರಂಭವಾದ ಓಪನ್ ನಾಲೆಡ್ಜ್ ಫೌಂಡೇಶನ್ ಈ ಅರ್ಥದ ವ್ಯಾಖ್ಯೆಯನ್ನು ರೂಪಿಸಿತು. 2007ರ ಡಿಸೆಂಬರಿನಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಸೆಬಾಸ್ಟೊಪೋಲ್ ಎಂಬಲ್ಲಿ ಸೇರಿದ ಸುಮಾರು 30 ಮಂದಿ ಸರ್ಕಾರಿ ದತ್ತಾಂಶಕ್ಕೆ ಅನ್ವಯಿಸುವ ಎಂಟು ತತ್ತ್ವಗಳನ್ನು ಪ್ರಕಟಿಸಿದರು. ದತ್ತಾಂಶವು ಪೂರ್ಣವಾಗಿರಬೇಕು, ಮೂಲರೂಪದಲ್ಲಿರಬೇಕು, ಸಕಾಲದಲ್ಲಿ ದೊರೆಯಬೇಕು, ಯಂತ್ರವು ಓದುವಂತಿರಬೇಕು ಎಂಬುವು ಅವುಗಳಲ್ಲಿ ಮುಖ್ಯವಾದವು.

ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಅಂತರಜಾಲದಲ್ಲಿ ಕಾಣುವುದೆಲ್ಲವೂ ಮುಕ್ತ ದತ್ತಾಂಶವಲ್ಲ. ಒಂದು ಇಲಾಖೆಯು ತನ್ನ ಕೋಷ್ಟಕವನ್ನು ಮುದ್ರಿಸಿ, ಮೊಹರು ಒತ್ತಿ, ಅದರ ಛಾಯಾಚಿತ್ರವನ್ನು ಪಿಡಿಎಫ್ ರೂಪದಲ್ಲಿ ಏರಿಸಿದರೆ ಓದುಗನ ಕಣ್ಣಿಗೆ ಅದು ಕಾಣುತ್ತದೆ; ಆದರೆ ಅದರಲ್ಲಿನ ಒಂದು ಸಂಖ್ಯೆಯನ್ನು ಕೂಡಿಸಲೂ ಗಣಕಯಂತ್ರಕ್ಕೆ ಸಾಧ್ಯವಿಲ್ಲ. ವಿಶ್ವವ್ಯಾಪಿ ಜಾಲದ ಜನಕ ಟಿಮ್ ಬರ್ನರ್ಸ್ ಲೀ 2010ರಲ್ಲಿ ಸೂಚಿಸಿದ ಐದು ನಕ್ಷತ್ರಗಳ ಮಾನದಂಡದಲ್ಲಿ, ಇಂತಹ ಕಡತಕ್ಕೆ ಮುಕ್ತ ಪರವಾನಗಿ ಇದ್ದರೂ ದೊರೆಯುವುದು ಒಂದೇ ನಕ್ಷತ್ರ.

ಭಾರತದಲ್ಲಿ ಬೆಳೆದ ಬಗೆ

ಭಾರತದ ಮುಕ್ತ ದತ್ತಾಂಶದ ಬೇರುಗಳು ತಂತ್ರಜ್ಞಾನದಲ್ಲಿಲ್ಲ, ಹಳ್ಳಿಯ ಕೂಲಿಕಾರರ ಹೋರಾಟದಲ್ಲಿವೆ. ರಾಜಸ್ಥಾನದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯು 1994ರ ಡಿಸೆಂಬರಿನಲ್ಲಿ ಪಾಲಿ ಜಿಲ್ಲೆಯ ಕೋಟ್ ಕಿರಾನಾದಲ್ಲಿ ಮೊದಲ ಜನಸುನವಾಯಿ, ಅಂದರೆ ಸಾರ್ವಜನಿಕ ಅಹವಾಲು ಸಭೆಯನ್ನು ನಡೆಸಿತು. ಕಾಮಗಾರಿಗಳ ಹಾಜರಿ ಪಟ್ಟಿ ಮತ್ತು ಬಿಲ್ಲುಗಳನ್ನು ಜನರ ಎದುರು ಗಟ್ಟಿಯಾಗಿ ಓದಿ ಹೇಳುವುದೇ ಈ ಸಭೆಗಳ ಕ್ರಮ. ಕಾಗದದ ಮೇಲಿನ ಕೂಲಿಗೂ ಕೈಗೆ ಬಂದ ಕೂಲಿಗೂ ಇದ್ದ ಅಂತರ ಆಗ ಬಯಲಾಗುತ್ತಿತ್ತು. ಅಕ್ಷರ ಬಾರದವರಿಗೂ ದಾಖಲೆಯು ಅರ್ಥವಾದದ್ದು, ಅದನ್ನು ಓದಿ ಹೇಳುವವರೊಬ್ಬರು ಇದ್ದುದರಿಂದ ಎಂಬುದು ಇಲ್ಲಿ ಮುಖ್ಯ.

ಈ ಹೋರಾಟದ ಫಲವಾದ ಮಾಹಿತಿ ಹಕ್ಕು ಅಧಿನಿಯಮವು 2005ರ ಅಕ್ಟೋಬರ್ 12ರಂದು ಪೂರ್ಣವಾಗಿ ಜಾರಿಗೆ ಬಂದಿತು. ಕರ್ನಾಟಕವು ಅದಕ್ಕೂ ಮೊದಲೇ, 2000ದಲ್ಲಿ, ತನ್ನದೇ ಆದ ಮಾಹಿತಿ ಹಕ್ಕು ಕಾಯಿದೆಯನ್ನು ರೂಪಿಸಿದ್ದ ರಾಜ್ಯ. ಕೇಂದ್ರ ಅಧಿನಿಯಮದ 4ನೆಯ ಪ್ರಕರಣವು, ಯಾರೂ ಅರ್ಜಿ ಸಲ್ಲಿಸದಿದ್ದರೂ ಪ್ರತಿ ಸಾರ್ವಜನಿಕ ಪ್ರಾಧಿಕಾರವು ತನ್ನ ಮಾಹಿತಿಯನ್ನು ತಾನಾಗಿಯೇ ಪ್ರಕಟಿಸಬೇಕೆಂದು ವಿಧಿಸುತ್ತದೆ. ಮುಕ್ತ ದತ್ತಾಂಶಕ್ಕೆ ನಮ್ಮಲ್ಲಿರುವ ಬಲವಾದ ಕಾನೂನಿನ ಆಧಾರ ಇದೇ.

2012ರಲ್ಲಿ ಕೇಂದ್ರ ಸರ್ಕಾರವು ರಾಷ್ಟ್ರೀಯ ದತ್ತಾಂಶ ಹಂಚಿಕೆ ಮತ್ತು ಲಭ್ಯತಾ ನೀತಿಯನ್ನು ಪ್ರಕಟಿಸಿತು. ಅದೇ ವರ್ಷ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರವು ‘ಡೇಟಾ ಡಾಟ್ ಗವ್ ಡಾಟ್ ಇನ್’ ಎಂಬ ತಾಣವನ್ನು ಆರಂಭಿಸಿತು. ಆದರೆ ಅಲ್ಲಿನ ದತ್ತಾಂಶವನ್ನು ಯಾವ ಷರತ್ತಿನ ಮೇಲೆ ಬಳಸಬಹುದೆಂಬ ಸ್ಪಷ್ಟತೆ ದೊರೆತದ್ದು, 2017ರಲ್ಲಿ ಸರ್ಕಾರಿ ಮುಕ್ತ ದತ್ತಾಂಶ ಪರವಾನಗಿ ಪ್ರಕಟವಾದ ಮೇಲೆ. ನಕ್ಷೆಗಳ ವಿಷಯದಲ್ಲಂತೂ ಬಾಗಿಲು ಇನ್ನೂ ತಡವಾಗಿ ತೆರೆಯಿತು. ಭಾರತೀಯ ಸಂಸ್ಥೆಗಳು ಪೂರ್ವಾನುಮತಿ ಇಲ್ಲದೆ ನಕ್ಷೆ ಸಿದ್ಧಪಡಿಸಲು ಅವಕಾಶ ಕೊಟ್ಟ ಮಾರ್ಗಸೂಚಿ ಹೊರಬಿದ್ದದ್ದು 2021ರ ಫೆಬ್ರವರಿಯಲ್ಲಿ.

ಸಮುದಾಯಗಳು ಮಾಡಿದ ಕೆಲಸ

ಸರ್ಕಾರ ಕೊಟ್ಟದ್ದಕ್ಕೂ ಜನರಿಗೆ ಬೇಕಾದದ್ದಕ್ಕೂ ನಡುವಿನ ಕಂದಕವನ್ನು ತುಂಬಲು ಸ್ವಯಂಸೇವಕರ ಗುಂಪುಗಳು ಮುಂದಾದವು. ಕೆಲವು ಉದಾಹರಣೆಗಳನ್ನು ನೋಡಬಹುದು.

ಚುನಾವಣಾ ಪ್ರಮಾಣಪತ್ರಗಳು: ಅಹಮದಾಬಾದಿನ ಭಾರತೀಯ ನಿರ್ವಹಣಾ ಸಂಸ್ಥೆಯ ಪ್ರಾಧ್ಯಾಪಕರು 1999ರಲ್ಲಿ ಸ್ಥಾಪಿಸಿದ ಅಸೋಸಿಯೇಷನ್ ಫಾರ್ ಡೆಮಾಕ್ರಟಿಕ್ ರಿಫಾರ್ಮ್ಸ್ ಸಂಸ್ಥೆಯು ನ್ಯಾಯಾಲಯದ ಮೊರೆ ಹೊಕ್ಕಿತು. ಅಭ್ಯರ್ಥಿಗಳು ತಮ್ಮ ಆಸ್ತಿ, ವಿದ್ಯಾರ್ಹತೆ ಹಾಗೂ ಮೊಕದ್ದಮೆಗಳ ವಿವರ ನೀಡುವುದು ಸರ್ವೋಚ್ಚ ನ್ಯಾಯಾಲಯದ 2002 ಮತ್ತು 2003ರ ತೀರ್ಪುಗಳಿಂದ ಕಡ್ಡಾಯವಾಯಿತು. ಪ್ರಮಾಣಪತ್ರಗಳು ದೊರೆಯುವುದು ಕಾಗದದ ಪ್ರತಿಚಿತ್ರಗಳಾಗಿ. ಎಷ್ಟೋ ಕೈಬರಹದಲ್ಲಿರುತ್ತವೆ, ಹಲವು ಭಾಷೆಗಳಲ್ಲಿರುತ್ತವೆ. ಅವುಗಳನ್ನು ಓದಿ, ಬೆರಳಚ್ಚಿಸಿ, ಕೋಷ್ಟಕಕ್ಕೆ ತಂದು ‘ಮೈನೇತಾ’ ತಾಣದಲ್ಲಿ ಒದಗಿಸಿದ್ದರಿಂದಲೇ ಇಂದು ಸಾಮಾನ್ಯ ಮತದಾರನೂ ತನ್ನ ಕ್ಷೇತ್ರದ ಅಭ್ಯರ್ಥಿಗಳನ್ನು ಹೋಲಿಸಿ ನೋಡಬಲ್ಲ.

ಡೇಟಾಮೀಟ್: 2011ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ ಅನ್ಯ ನಗರಗಳಿಗೂ ಹರಡಿದ ಈ ಸಮುದಾಯವು ಜಿಲ್ಲೆಗಳ ಹಾಗೂ ಮತಕ್ಷೇತ್ರಗಳ ಗಡಿನಕ್ಷೆಗಳನ್ನು ಗಣಕೀಕರಿಸಿ ಮುಕ್ತ ಪರವಾನಗಿಯಡಿ ಹಂಚಿತು. ಲೋಕಸಭಾ ಕ್ಷೇತ್ರದ ಗಡಿಯೂ ಬಳಸಬಹುದಾದ ರೂಪದಲ್ಲಿ ಸುಲಭವಾಗಿ ಸಿಗದಿದ್ದ ಕಾಲದಲ್ಲಿ ಪತ್ರಕರ್ತರಿಗೂ ಸಂಶೋಧಕರಿಗೂ ಇದು ದೊಡ್ಡ ನೆರವಾಯಿತು.

ಓಪನ್‌ಸ್ಟ್ರೀಟ್‌ಮ್ಯಾಪ್: 2004ರಲ್ಲಿ ಇಂಗ್ಲೆಂಡಿನಲ್ಲಿ ಸ್ಟೀವ್ ಕೋಸ್ಟ್ ಆರಂಭಿಸಿದ ಈ ನಕ್ಷೆಯನ್ನು ಜಗತ್ತಿನಾದ್ಯಂತ ಜನರೇ ರಚಿಸುತ್ತಿದ್ದಾರೆ. 2010ರ ಹೈಟಿ ಭೂಕಂಪದ ವೇಳೆ ಇದರ ಉಪಯುಕ್ತತೆ ಮೊದಲ ಬಾರಿಗೆ ದೊಡ್ಡ ಪ್ರಮಾಣದಲ್ಲಿ ಸಾಬೀತಾಯಿತು. 2015ರ ಚೆನ್ನೈ ಪ್ರವಾಹದಲ್ಲಿ ನೀರು ನಿಂತ ಬೀದಿಗಳನ್ನು ನಿವಾಸಿಗಳೇ ಗುರುತಿಸಿದ ನಕ್ಷೆಗೂ ಇದೇ ತಳಹದಿ. ಊರುಗಳ ಹೆಸರನ್ನು ಕನ್ನಡದಲ್ಲಿ ದಾಖಲಿಸುವ ಅವಕಾಶವೂ ಇದರಲ್ಲಿದೆ.

ಕೋವಿಡ್ ಲೆಕ್ಕ: 2020ರ ಮಾರ್ಚಿನಲ್ಲಿ ಸ್ವಯಂಸೇವಕರ ಒಂದು ತಂಡವು ರಾಜ್ಯಗಳ ದೈನಂದಿನ ಪ್ರಕಟಣೆಗಳಿಂದ ಅಂಕಿಗಳನ್ನು ಹೆಕ್ಕಿ, ‘ಕೋವಿಡ್19ಇಂಡಿಯಾ’ ಎಂಬ ತಾಣದಲ್ಲಿ ಇಡೀ ದೇಶದ ಚಿತ್ರಣವನ್ನು ಕೊಡತೊಡಗಿತು. ಒಂದೊಂದು ರಾಜ್ಯದ ಪ್ರಕಟಣೆ ಒಂದೊಂದು ಬಗೆಯದು. ಕೆಲವು ಬರಿಯ ಚಿತ್ರಗಳು. ಅವೆಲ್ಲವನ್ನೂ ಒಂದೇ ಅಚ್ಚಿಗೆ ತರುವ ಶ್ರಮವು 2021ರ ಅಕ್ಟೋಬರ್ ಅಂತ್ಯದವರೆಗೆ ನಡೆದು, ಅನಂತರ ನಿಂತಿತು. ಸ್ವಯಂಸೇವೆಯ ಶಕ್ತಿಯನ್ನೂ ಅದರ ಮಿತಿಯನ್ನೂ ಈ ಒಂದು ಪ್ರಸಂಗ ತೋರಿಸುತ್ತದೆ.

‘ಭೂಮಿ’ ಕಲಿಸಿದ ಪಾಠ

ದತ್ತಾಂಶವನ್ನು ತೆರೆದಿಟ್ಟರೆ ಎಲ್ಲರಿಗೂ ಸಮಾನವಾಗಿ ಒಳಿತಾಗುವುದೇ? ಈ ಪ್ರಶ್ನೆಗೆ ಜಗತ್ತಿನ ವಿದ್ವಾಂಸರು ಪದೇ ಪದೇ ಎತ್ತಿಕೊಳ್ಳುವ ಉದಾಹರಣೆ ಕರ್ನಾಟಕದ್ದೇ ಎಂಬುದು ಗಮನಾರ್ಹ.

ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು ಗಣಕೀಕರಿಸಿದ ‘ಭೂಮಿ’ ಯೋಜನೆಯು 2001ರ ಸುಮಾರಿಗೆ ಎಲ್ಲ ತಾಲ್ಲೂಕುಗಳನ್ನು ಮುಟ್ಟಿತು. ಅದುವರೆಗೆ ಗ್ರಾಮ ಲೆಕ್ಕಿಗರ ಕೈಯಲ್ಲಿದ್ದ ದಾಖಲೆಯ ಪ್ರತಿಯು ತಾಲ್ಲೂಕು ಕಚೇರಿಯ ಕೇಂದ್ರದಲ್ಲಿ 15 ರೂಪಾಯಿ ಶುಲ್ಕಕ್ಕೆ ದೊರೆಯತೊಡಗಿತು. ಪಹಣಿಗಾಗಿ ಅಲೆದಾಟವೂ ಲಂಚವೂ ಕಡಿಮೆಯಾಯಿತೆಂದು ಆರಂಭದ ಸಮೀಕ್ಷೆಗಳು ಹೇಳಿದವು. ಯೋಜನೆಗೆ ದೇಶ ವಿದೇಶಗಳಲ್ಲಿ ಪ್ರಶಂಸೆ ದೊರೆಯಿತು.

ಆದರೆ 2007ರಲ್ಲಿ ಸಾಲೊಮನ್ ಬೆಂಜಮಿನ್ ಹಾಗೂ ಸಂಗಡಿಗರು ಪ್ರಕಟಿಸಿದ ಅಧ್ಯಯನವು ಮತ್ತೊಂದು ಮುಖವನ್ನು ಮುಂದಿಟ್ಟಿತು. ಬೆಂಗಳೂರಿನ ಸುತ್ತ ಭೂಮಿಯ ಬೆಲೆ ಏರುತ್ತಿದ್ದ ಕಾಲದಲ್ಲಿ, ಒಂದೆಡೆ ಕೇಂದ್ರೀಕೃತವಾದ ದಾಖಲೆಯಿಂದ ಹೆಚ್ಚು ಪ್ರಯೋಜನ ಪಡೆದವರು ದೊಡ್ಡ ಪ್ರಮಾಣದಲ್ಲಿ ಜಮೀನು ಅರಸುತ್ತಿದ್ದವರು ಎಂಬುದು ಅದರ ವಾದ. ಯಾವ ಸರ್ವೆ ನಂಬರು ಯಾರ ಹೆಸರಿನಲ್ಲಿದೆ, ಎಲ್ಲಿ ದಾಖಲೆ ದುರ್ಬಲವಾಗಿದೆ ಎಂಬುದನ್ನು ಅರಿಯಲು ವಕೀಲರು, ಮೋಜಣಿದಾರರು, ದಲ್ಲಾಳಿಗಳು ಅವರ ಬಳಿ ಇದ್ದರು. ಸಣ್ಣ ಹಿಡುವಳಿದಾರನ ಬಳಿ ಅವರಾರೂ ಇರಲಿಲ್ಲ. ಕೆನಡಾದ ವಿದ್ವಾಂಸ ಮೈಕೇಲ್ ಗರ್ಸ್ಟೀನ್ 2011ರಲ್ಲಿ ಇದೇ ಅಧ್ಯಯನವನ್ನು ಆಧರಿಸಿ, ಮುಕ್ತ ದತ್ತಾಂಶವು ಬಲವಿದ್ದವರಿಗೇ ಮತ್ತಷ್ಟು ಬಲ ತುಂಬುವ ಅಪಾಯವಿದೆಯೆಂದು ಎಚ್ಚರಿಸಿದರು. ದತ್ತಾಂಶ ಕೈಗೆಟಕುವುದು ಬೇರೆ, ಅದನ್ನು ಪರಿಣಾಮಕಾರಿಯಾಗಿ ಬಳಸಬಲ್ಲ ಸಾಮರ್ಥ್ಯ ಬೇರೆ ಎಂಬುದು ಅವರ ವಾದದ ತಿರುಳು.

‘ಭೂಮಿ’ಯು ಕಟ್ಟುನಿಟ್ಟಾದ ಅರ್ಥದಲ್ಲಿ ಮುಕ್ತ ದತ್ತಾಂಶವಲ್ಲ. ಅಲ್ಲದೆ ಅಧ್ಯಯನಗಳ ನಡುವೆ ಭಿನ್ನಾಭಿಪ್ರಾಯವೂ ಇದೆ. ಆದಾಗ್ಯೂ ಪಾಠ ಸ್ಪಷ್ಟವಾಗಿದೆ: ದತ್ತಾಂಶ ಮತ್ತು ಜನರ ನಡುವೆ ನಂಬಿಕೆಗೆ ಅರ್ಹನಾದ, ಲಾಭದ ಹಂಗಿಲ್ಲದ ಮಧ್ಯವರ್ತಿಯೊಬ್ಬ ಇಲ್ಲದಿದ್ದರೆ, ಆ ಜಾಗವನ್ನು ಲಾಭದ ಮಧ್ಯವರ್ತಿಯು ಆಕ್ರಮಿಸುತ್ತಾನೆ.

ಮಾಹಿತಿ ವೃತ್ತಿಪರರ ಕೊಡುಗೆ

ಈ ಮಧ್ಯವರ್ತಿಯ ಧರ್ಮವನ್ನು ಭಾರತವು ಬಹಳ ಹಿಂದೆಯೇ ನಿರೂಪಿಸಿಕೊಂಡಿದೆ. ಎಸ್.ಆರ್. ರಂಗನಾಥನ್ 1931ರಲ್ಲಿ ಪ್ರಕಟಿಸಿದ ಗ್ರಂಥಾಲಯ ವಿಜ್ಞಾನದ ಪಂಚಸೂತ್ರಗಳ ಪ್ರಕಾರ ಗ್ರಂಥಗಳಿರುವುದು ಬಳಕೆಗಾಗಿ. ಪ್ರತಿ ಓದುಗನಿಗೂ ಅವನ ಗ್ರಂಥವನ್ನೂ, ಪ್ರತಿ ಗ್ರಂಥಕ್ಕೂ ಅದರ ಓದುಗನನ್ನೂ ದೊರಕಿಸಬೇಕು. ಓದುಗನ ಸಮಯವನ್ನು ಉಳಿಸಬೇಕು. ಗ್ರಂಥಾಲಯವು ಬೆಳೆಯುವ ಜೀವಿ. ‘ಗ್ರಂಥ’ ಎಂಬಲ್ಲಿ ‘ದತ್ತಾಂಶ’ ಎಂದು ಓದಿಕೊಂಡರೆ ಮುಕ್ತ ದತ್ತಾಂಶದ ನೀತಿಸಂಹಿತೆಯೇ ಸಿದ್ಧವಾಗುತ್ತದೆ. ರಂಗನಾಥನ್ ತಮ್ಮ ಕೊನೆಯ ಹದಿನೈದು ವರ್ಷಗಳನ್ನು ಕಳೆದದ್ದು ಬೆಂಗಳೂರಿನಲ್ಲಿ. ಅವರ ನೇತೃತ್ವದಲ್ಲಿ 1962ರಲ್ಲಿ ಇಲ್ಲಿ ಸ್ಥಾಪನೆಯಾದ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರವು ಭಾರತೀಯ ಸಾಂಖ್ಯಿಕ ಸಂಸ್ಥೆಯ ಅಂಗವಾಗಿ ಇಂದಿಗೂ ಕಾರ್ಯನಿರತವಾಗಿದೆ.

ಈ ವೃತ್ತಿಯವರು ಮುಕ್ತ ದತ್ತಾಂಶಕ್ಕೆ ನೀಡಬಲ್ಲ ನೆರವು ಮುಖ್ಯವಾಗಿ ಐದು ಬಗೆಯದು.

1. ಹೆಸರುಗಳ ನಿಯಂತ್ರಣ. ಒಬ್ಬನೇ ಲೇಖಕನ ಹೆಸರು ಹತ್ತು ಬಗೆಯಲ್ಲಿ ಅಚ್ಚಾದರೂ ಗ್ರಂಥಸೂಚಿಯಲ್ಲಿ ಒಂದೆಡೆ ಸೇರಿಸುವುದು ಗ್ರಂಥಪಾಲಕರ ಹಳೆಯ ವಿದ್ಯೆ. ದತ್ತಾಂಶದಲ್ಲಿ ಇದರ ಅಗತ್ಯ ಇನ್ನೂ ಹೆಚ್ಚು. 2014ರ ನವೆಂಬರ್ 1ರಂದು ರಾಜ್ಯದ 12 ನಗರಗಳ ಹೆಸರಿನ ಇಂಗ್ಲಿಷ್ ರೂಪ ಬದಲಾಯಿತು. ಒಂದು ಕಡತದಲ್ಲಿ ‘ಬಿಜಾಪುರ’, ಮತ್ತೊಂದರಲ್ಲಿ ‘ವಿಜಯಪುರ’ ಎಂದಿದ್ದರೆ ಯಂತ್ರಕ್ಕೆ ಅವು ಎರಡು ಊರುಗಳು. ಗಡಿಗಳ ತೊಡಕು ಇದಕ್ಕಿಂತ ದೊಡ್ಡದು. 2001ರ ಜನಗಣತಿಯ ಕಾಲಕ್ಕೆ ರಾಜ್ಯದಲ್ಲಿ 27 ಜಿಲ್ಲೆಗಳಿದ್ದವು, 2011ರಲ್ಲಿ 30, 2021ರಲ್ಲಿ ವಿಜಯನಗರ ಸೇರಿ 31. ಕೋಲಾರ ಜಿಲ್ಲೆಯ ಜನಸಂಖ್ಯೆ 2001ರಲ್ಲಿ 25 ಲಕ್ಷ ಮೀರಿತ್ತು, 2011ರಲ್ಲಿ ಸುಮಾರು 15 ಲಕ್ಷ. ಇದನ್ನು ಕಂಡವರು ಹತ್ತು ಲಕ್ಷ ಜನ ಊರು ಬಿಟ್ಟರೆಂದು ಭಾವಿಸಬಹುದು. ವಾಸ್ತವದಲ್ಲಿ 2007ರಲ್ಲಿ ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾಯಿತು, ಅಷ್ಟೆ. ಇಂತಹ ಪ್ರಮಾದವನ್ನು ತಪ್ಪಿಸುವುದು ಒಂದು ಸಾಲಿನ ಟಿಪ್ಪಣಿ. ಕೇಂದ್ರ ಪಂಚಾಯತ್ ರಾಜ್ ಸಚಿವಾಲಯದ ಸ್ಥಳೀಯ ಸರ್ಕಾರಗಳ ಕೋಶವು ಪ್ರತಿ ಜಿಲ್ಲೆ, ತಾಲ್ಲೂಕು, ಗ್ರಾಮಕ್ಕೆ ನೀಡಿರುವ ಸಂಕೇತ ಸಂಖ್ಯೆಗಳನ್ನು ಬಳಸಿದರೆ ಈ ಗೊಂದಲ ಬಹುಮಟ್ಟಿಗೆ ನಿವಾರಣೆಯಾಗುತ್ತದೆ.

2. ವಿವರಣೆ. ದತ್ತಾಂಶವನ್ನು ಯಾರು, ಯಾವಾಗ, ಯಾವ ವಿಧಾನದಿಂದ ಸಂಗ್ರಹಿಸಿದರು, ಖಾಲಿ ಬಿಟ್ಟ ಮನೆಯ ಅರ್ಥ ಸೊನ್ನೆಯೋ ಮಾಹಿತಿಯ ಅಭಾವವೋ ಎಂಬುದನ್ನು ತಿಳಿಸುವ ಟಿಪ್ಪಣಿಗೆ ಮೆಟಾಡೇಟಾ ಎನ್ನುತ್ತಾರೆ. ಇದಿಲ್ಲದ ಕೋಷ್ಟಕವು ಶೀರ್ಷಿಕೆಪುಟ ಹರಿದುಹೋದ ಪುಸ್ತಕದಂತೆ.

3. ಲಿಪಿ. ಕನ್ನಡಕ್ಕೆ ಇದು ವಿಶೇಷ ಸಮಸ್ಯೆ. ಯೂನಿಕೋಡ್ ಮಾನಕದಲ್ಲಿ ಕನ್ನಡಕ್ಕೆ 1991ರಲ್ಲೇ ಸ್ಥಾನ ದೊರೆತಿದ್ದರೂ, ಕಚೇರಿಗಳಲ್ಲಿ ಬಹುಕಾಲ ಬಳಕೆಯಲ್ಲಿದ್ದದ್ದು ನುಡಿ, ಬರಹ ಮುಂತಾದ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳು. ಇವು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದಂತಹವು. ಆದ್ದರಿಂದ ಆ ಕಡತಗಳು ಕಣ್ಣಿಗೆ ಕನ್ನಡವಾಗಿ ಕಂಡರೂ ಯಂತ್ರಕ್ಕೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಅವುಗಳಲ್ಲಿ ಊರಿನ ಹೆಸರನ್ನು ಹುಡುಕಲಾಗದು. ಇವನ್ನು ಯೂನಿಕೋಡಿಗೆ ಪರಿವರ್ತಿಸಿ ತಾಳೆ ನೋಡುವ ಕಾರ್ಯಕ್ಕೆ ತಂತ್ರಜ್ಞರೊಂದಿಗೆ ಭಾಷೆ ಬಲ್ಲವರೂ ಬೇಕು.

4. ಸಂರಕ್ಷಣೆ. ಅಂತರಜಾಲದ ಪುಟಗಳು ಅಲ್ಪಾಯುಷಿಗಳು. ತಾಣ ನವೀಕರಣಗೊಂಡಾಗ, ಸರ್ಕಾರ ಬದಲಾದಾಗ ಹಳೆಯ ಕಡತಗಳು ಕಾಣೆಯಾಗುವುದುಂಟು. ಅಮೆರಿಕದಲ್ಲಿ 2016ರ ಕೊನೆಯಲ್ಲಿ ಹವಾಮಾನ ಸಂಬಂಧಿ ಸರ್ಕಾರಿ ದತ್ತಾಂಶ ಅಳಿಸಿಹೋಗುವ ಭೀತಿ ಉಂಟಾದಾಗ, ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಗ್ರಂಥಪಾಲಕರು ಸ್ವಯಂಸೇವಕರೊಂದಿಗೆ ಕೂಡಿ ‘ಡೇಟಾರೆಫ್ಯೂಜ್’ ಯೋಜನೆಯಡಿ ಪ್ರತಿಗಳನ್ನು ಕಾಪಿಟ್ಟರು. 2025ರಲ್ಲಿ ಅಲ್ಲಿ ಇಂತಹ ಪ್ರಯತ್ನಗಳು ಮತ್ತೆ ಆರಂಭವಾದವು. ಕಡತವನ್ನು ಇಳಿಸಿಕೊಳ್ಳುವುದು ಯಾರಿಗಾದರೂ ಸಾಧ್ಯ. ಇದು ಮೂಲದ ಯಥಾಪ್ರತಿಯೇ ಎಂದು ಮುಂದಿನವರು ನಂಬುವಂತೆ ದಾಖಲಿಸಿಡುವುದು ವೃತ್ತಿಪರರ ಕೆಲಸ.

5. ಖಾಸಗಿತನ. ಹೆಸರು ಅಳಿಸಿದ ಮಾತ್ರಕ್ಕೆ ವ್ಯಕ್ತಿ ಮರೆಯಾಗುವುದಿಲ್ಲ. 1990ರ ದಶಕದಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯವು ನೌಕರರ ಆಸ್ಪತ್ರೆ ದಾಖಲೆಗಳನ್ನು ಹೆಸರಿಲ್ಲದೆ ಸಂಶೋಧಕರಿಗೆ ನೀಡಿದಾಗ, ಲತಾನ್ಯಾ ಸ್ವೀನಿ ಎಂಬ ವಿದ್ಯಾರ್ಥಿನಿಯು ಜನ್ಮದಿನಾಂಕ, ಲಿಂಗ ಮತ್ತು ಅಂಚೆ ಸಂಖ್ಯೆಗಳನ್ನು ಮತದಾರರ ಪಟ್ಟಿಯೊಂದಿಗೆ ಹೋಲಿಸಿ ಸ್ವತಃ ರಾಜ್ಯಪಾಲರ ದಾಖಲೆಯನ್ನೇ ಗುರುತಿಸಿದರು. ನಮ್ಮಲ್ಲಿಯೂ 2020ರ ಮಾರ್ಚಿನಲ್ಲಿ ಕೋವಿಡ್ ಕಾರಣದಿಂದ ಗೃಹ ದಿಗ್ಬಂಧನದಲ್ಲಿದ್ದವರ ವಿಳಾಸಗಳ ಪಟ್ಟಿ ಕರ್ನಾಟಕದಲ್ಲಿ ಬಹಿರಂಗವಾದದ್ದು ಟೀಕೆಗೆ ಗುರಿಯಾಯಿತು. ಇನ್ನೊಂದೆಡೆ, 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವು ಮಾಹಿತಿ ಹಕ್ಕಿನ 8ನೆಯ ಪ್ರಕರಣಕ್ಕೆ ತಂದ ತಿದ್ದುಪಡಿಯಿಂದ, ಖಾಸಗಿತನದ ಹೆಸರಿನಲ್ಲಿ ಸಾರ್ವಜನಿಕ ಮಾಹಿತಿಯೂ ಮುಚ್ಚಿಹೋಗಬಹುದೆಂಬ ಆತಂಕವನ್ನು ಮಾಹಿತಿ ಹಕ್ಕು ಕಾರ್ಯಕರ್ತರು ವ್ಯಕ್ತಪಡಿಸಿದ್ದಾರೆ. ಸಾರ್ವಜನಿಕ ಹಣದ ಲೆಕ್ಕ ತೆರೆದಿರಬೇಕು, ವ್ಯಕ್ತಿಯ ಬದುಕು ಮರೆಯಲ್ಲಿರಬೇಕು. ಈ ಎರಡರ ನಡುವೆ ಗೆರೆ ಎಳೆಯುವ ವಿವೇಕವನ್ನು, ಓದುಗನ ಗೋಪ್ಯವನ್ನು ಕಾಪಾಡುತ್ತ ಬಂದಿರುವ ಗ್ರಂಥಾಲಯ ವೃತ್ತಿಯಿಂದ ಕಲಿಯಬಹುದು.

ಗ್ರಂಥಾಲಯವೇ ದತ್ತಾಂಶ ಕೇಂದ್ರವಾದಾಗ

ಅಮೆರಿಕದ ಟೆನೆಸಿ ರಾಜ್ಯದ ಚಟನೂಗ ನಗರದಲ್ಲಿ ಪುರಸಭೆಯ ಮುಕ್ತ ದತ್ತಾಂಶ ತಾಣವನ್ನು 2014ರಲ್ಲಿ ರೂಪಿಸುವ ಹೊಣೆ ಹೊತ್ತದ್ದು ಅಲ್ಲಿನ ಸಾರ್ವಜನಿಕ ಗ್ರಂಥಾಲಯ. ಪಿಟ್ಸ್‌ಬರ್ಗ್ ನಗರದಲ್ಲಿ ವಿಶ್ವವಿದ್ಯಾಲಯ, ಕೌಂಟಿ ಮತ್ತು ನಗರಾಡಳಿತಗಳು ಕೂಡಿ 2015ರಲ್ಲಿ ಆರಂಭಿಸಿದ ಪ್ರಾದೇಶಿಕ ದತ್ತಾಂಶ ಕೇಂದ್ರದೊಂದಿಗೆ ಕಾರ್ನೆಗಿ ಗ್ರಂಥಾಲಯವು ಕೈಜೋಡಿಸಿ, ನಾಗರಿಕರಿಗೆ ದತ್ತಾಂಶ ಓದುವುದನ್ನು ಕಲಿಸುವ ಕಾರ್ಯಕ್ರಮಗಳನ್ನು ನಡೆಸಿತು. ಅಂತಾರಾಷ್ಟ್ರೀಯ ಗ್ರಂಥಾಲಯ ಒಕ್ಕೂಟವು 2014ರಲ್ಲಿ ಹೊರಡಿಸಿದ ಲಿಯೋನ್ ಘೋಷಣೆಯೂ ಅಭಿವೃದ್ಧಿಗೆ ಮಾಹಿತಿಯ ಲಭ್ಯತೆ ಅಗತ್ಯವೆಂದು ಸಾರಿ, ಗ್ರಂಥಾಲಯಗಳಂತಹ ಮಧ್ಯವರ್ತಿ ಸಂಸ್ಥೆಗಳ ಪಾತ್ರವನ್ನು ಒತ್ತಿಹೇಳಿತು.

ಕರ್ನಾಟಕದಲ್ಲಿ ಇದಕ್ಕೆ ನೆಲೆಯಿಲ್ಲವೆನ್ನುವಂತಿಲ್ಲ. 1965ರ ಸಾರ್ವಜನಿಕ ಗ್ರಂಥಾಲಯಗಳ ಅಧಿನಿಯಮದ ಅಡಿ ಬೆಳೆದ ವ್ಯವಸ್ಥೆ ಇಲ್ಲಿದೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವರ್ಗವಾಗಿ, ಈಗ ‘ಅರಿವು ಕೇಂದ್ರ’ಗಳೆಂಬ ಹೆಸರಿನಿಂದ ಐದು ಸಾವಿರಕ್ಕೂ ಹೆಚ್ಚು ಸ್ಥಳಗಳಲ್ಲಿವೆ. ರಾಜಸ್ಥಾನವು 2019ರಲ್ಲಿ ಆರಂಭಿಸಿದ ಜನ ಸೂಚನಾ ತಾಣದ ಹಾದಿಯಲ್ಲಿಯೇ ರಾಜ್ಯದ ‘ಮಾಹಿತಿ ಕಣಜ’ ತಾಣವು ಹಲವು ಇಲಾಖೆಗಳ ಗ್ರಾಮಮಟ್ಟದ ವಿವರಗಳನ್ನು ಕನ್ನಡದಲ್ಲಿ ನೀಡುತ್ತಿದೆ. ಒಂದೆಡೆ ದತ್ತಾಂಶವಿದೆ, ಮತ್ತೊಂದೆಡೆ ಕಟ್ಟಡವೂ ಗ್ರಂಥಪಾಲಕರೂ ಇದ್ದಾರೆ. ಇವೆರಡನ್ನೂ ಜೋಡಿಸುವ ತರಬೇತಿ, ಅದಕ್ಕೆ ತಕ್ಕ ಸಂಭಾವನೆ ಹಾಗೂ ಸ್ಥಾನಮಾನ ದೊರೆಯಬೇಕಾಗಿದೆ. ತಮ್ಮ ಊರಿನ ಉದ್ಯೋಗ ಖಾತರಿ ಕಾಮಗಾರಿಗೆ ಎಷ್ಟು ಹಣ ಬಂದಿತು, ಯಾರಿಗೆ ಸಂದಾಯವಾಯಿತು ಎಂಬುದನ್ನು ಕೇಳಿ ಬಂದ ಕೂಲಿಕಾರಳಿಗೆ ಪುಟ ತೆರೆದು ತೋರಿಸಿ, ಓದಿ ಹೇಳುವ ವ್ಯಕ್ತಿಯೊಬ್ಬರು ಅರಿವು ಕೇಂದ್ರದಲ್ಲಿದ್ದರೆ, ಕೋಟ್ ಕಿರಾನಾದ ಸಭೆಯಲ್ಲಿ ಒಂದು ದಿನ ನಡೆದದ್ದು ಇಲ್ಲಿ ನಿತ್ಯವೂ ನಡೆದಂತಾಗುತ್ತದೆ.

ಉಪಸಂಹಾರ

ಮುಕ್ತ ದತ್ತಾಂಶ ಸಮುದಾಯಗಳ ಬಲವಿರುವುದು ಉತ್ಸಾಹ ಮತ್ತು ವೇಗದಲ್ಲಿ. ಮಾಹಿತಿ ವೃತ್ತಿಪರರ ಬಲವಿರುವುದು ಕ್ರಮ ಮತ್ತು ನಿರಂತರತೆಯಲ್ಲಿ. ಸ್ವಯಂಸೇವಕರು ದಣಿದು ಕೆಲಸ ನಿಲ್ಲಿಸಿದಾಗ ಅವರ ಸಂಗ್ರಹವನ್ನು ಕೈಗೆತ್ತಿಕೊಂಡು ಕಾಪಾಡಬಲ್ಲ ಸಂಸ್ಥೆ ಬೇಕು. ಅಂತೆಯೇ, ಹಳೆಯ ಪದ್ಧತಿಗೆ ಒಗ್ಗಿಹೋದ ಸಂಸ್ಥೆಯನ್ನು ಎಚ್ಚರಿಸಬಲ್ಲ ಸ್ವಯಂಸೇವಕರೂ ಬೇಕು. ಸರ್ಕಾರವು ಕಡತ ತೆರೆದಿಟ್ಟಿದೆ ಎಂಬುದರಿಂದಲೇ ಪ್ರಜೆಗೆ ತಿಳಿವಳಿಕೆ ಬಂದಂತಾಗುವುದಿಲ್ಲ. ತನ್ನ ಪಹಣಿಯ ಒಂದು ಸಾಲಿನ ಅರ್ಥವನ್ನು ದಲ್ಲಾಳಿಗೆ ಹಣ ಕೊಡದೆ ರೈತನು ತಿಳಿಯಬಲ್ಲನಾದರೆ, ಆಗ ಆ ದತ್ತಾಂಶವನ್ನು ನಿಜಕ್ಕೂ ಮುಕ್ತವೆಂದು ಕರೆಯಬಹುದು.